ಬಲಬದಿಯ ನಾಡಿನಲ್ಲಿ

ಒಬ್ಬ ಮನುಷ್ಯನ ಸ್ವಭಾವವನ್ನು ಅರಿಯಬೇಕಾದರೆ ಅವನೊಡನೆ ಪ್ರವಾಸ ಮಾಡಬೇಕೆಂದು ಹಿರಿಯರು ಹೇಳುವುದುಂಟು. ಅವನು ಕಾರು ನಡೆಸುವಾಗ ಪಕ್ಕದಲ್ಲಿ ಕುಳಿತರೆ ಇನ್ನೂ ಬೇಗ ಅರಿಯಬಹುದೆಂಬುದು ನನ್ನ ಅನುಭವ. ಮನೆಯಲ್ಲಿ ಸಾಧುವೆನಿಸಿಕೊಂಡವನು ರಸ್ತೆಗಿಳಿದೊಡನೆ ದೂರ್ವಾಸನಾಗುವುದನ್ನು ಎಲ್ಲರೂ ಕಂಡಿದ್ದೇವೆ. ಆದರೆ ತನ್ನ ಸ್ವಭಾವವನ್ನು ತಾನೇ ಅರಿಯಬೇಕಾದರೆ? ಅದಕ್ಕೆ ಪರನಾಡಿನ ರಸ್ತೆಯೇ ತಕ್ಕ ಶಾಲೆ. 2023ರ ಮೇ ತಿಂಗಳಿನಲ್ಲಿ ಫ್ರಾನ್ಸ್ ದೇಶದ ಉತ್ತರ ಭಾಗದಲ್ಲಿ ನಾನು ಕಲಿತ ಒಂದು ಪಾಠವನ್ನು ಓದುಗರ ಮುಂದೆ ಸಂಕೋಚದಿಂದಲೇ ಇಡುತ್ತಿದ್ದೇನೆ.

ಉದ್ಯೋಗದ ನಿಮಿತ್ತ ಇಂಗ್ಲೆಂಡಿಗೆ ಬಂದು ನೆಲೆಸಿ ಮೂವತ್ತು ವರ್ಷಗಳು ಮೀರಿದವು. ಇಲ್ಲಿಯ ಜನರಿಗೆ ಬೇಸಿಗೆ ಬಂದಿತೆಂದರೆ ಕಾರಿನಲ್ಲಿ ಸಾಮಾನು ತುಂಬಿಕೊಂಡು ಕಡಲಾಚೆಯ ಯೂರೋಪಿಗೆ ಹೋಗುವ ಹಂಬಲ. ಹಿಂದಿರುಗಿದ ಮೇಲೆ ಕಚೇರಿಯಲ್ಲಿ ಚಹ ಕುಡಿಯುತ್ತ ಅವರು ಆಡುವ ಮಾತಿನಲ್ಲಿ ಅರಮನೆ, ಚರ್ಚುಗಳಿಗಿಂತ ರಸ್ತೆಯ ಪ್ರಸ್ತಾಪವೇ ಹೆಚ್ಚು. ಫ್ರಾನ್ಸಿನವನು ನಮ್ಮ ಕಾರಿನ ಬೆನ್ನಿಗೆ ಅಂಟಿಕೊಂಡೇ ಬರುತ್ತಾನೆ. ಇಟಲಿಯವನಿಗೆ ಹಾರನ್ ಬಾರಿಸದಿದ್ದರೆ ಊಟ ಸೇರದು. ಜರ್ಮನಿಯ ಹೆದ್ದಾರಿಗಳಲ್ಲಿ ಎಷ್ಟೋ ಕಡೆ ವೇಗಕ್ಕೆ ಮಿತಿಯೇ ಇಲ್ಲವಾದ್ದರಿಂದ ಕನ್ನಡಿಯಲ್ಲಿ ಚುಕ್ಕೆಯಂತೆ ಕಂಡ ಕಾರು ಕಣ್ಣು ಮಿಟುಕಿಸುವುದರೊಳಗೆ ಹಿಂದೆ ಬಂದು ನಿಂತಿರುತ್ತದೆ. ಇಂಥ ವರ್ಣನೆಗಳೆಲ್ಲವೂ ಕೊನೆಗೆ ಒಂದೇ ಮಾತಿನಲ್ಲಿ ಮುಗಿಯುತ್ತವೆ: ‘ಏನೇ ಅನ್ನಿ, ರಸ್ತೆಯ ಸೌಜನ್ಯವೆಂದರೆ ನಮ್ಮದೇ.’ ವರ್ಷವರ್ಷವೂ ಇದನ್ನೇ ಕೇಳಿ ಕೇಳಿ ನಾನೂ ಅದನ್ನು ನಂಬಿದ್ದೆ. ‘ನಮ್ಮದೇ’ ಎಂಬ ಮಾತಿನಲ್ಲಿ ನಾನೂ ಸೇರಿದ್ದೇನೆಂಬ ಸಣ್ಣ ಹೆಮ್ಮೆಯೂ ಅದರಲ್ಲಿ ಅಡಗಿದ್ದಿತು.

ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಶಾಲಾ ಶಿಕ್ಷಕರೊಬ್ಬರಿದ್ದಾರೆ. ಭೂಗೋಳವನ್ನು ಕಲಿಸಿದವರು, ನಾನು ಮತ್ತು ನನ್ನ ಪತ್ನಿ ಮನೆಯೊಳಗೆ ಅವರನ್ನು ‘ಮಾಸ್ತರರು’ ಎಂದೇ ಕರೆಯುತ್ತೇವೆ. ವಯಸ್ಸು ಎಪ್ಪತ್ತೆಂಟು. ನಲವತ್ತು ವರ್ಷ ಯೂರೋಪಿನ ದಾರಿಗಳಲ್ಲಿ ಕಾರು ನಡೆಸಿದ ಅವರು ಈಚೆಗೆ ಕಣ್ಣು ಮಂಜಾದುದರಿಂದ ಸ್ಟೀರಿಂಗ್ ಹಿಡಿಯುವುದನ್ನು ಬಿಟ್ಟಿದ್ದರು. ಅವರ ತಾತ 1917ರ ಅರಾಸ್ ಯುದ್ಧದಲ್ಲಿ ಮಡಿದು ಅಲ್ಲಿಯೇ ಮಣ್ಣಾದವರು. ಆ ಸಮಾಧಿಯನ್ನು ಒಮ್ಮೆ ಕೊನೆಯದಾಗಿ ಕಂಡು ಬರಬೇಕೆಂಬ ಆಸೆಯನ್ನು ಅವರು ನಮ್ಮ ಮುಂದೆ ತೋಡಿಕೊಂಡಾಗ, ‘ನಾನು ಕರೆದುಕೊಂಡು ಹೋಗುತ್ತೇನೆ’ ಎಂದು ಧೈರ್ಯವಾಗಿ ಮಾತು ಕೊಟ್ಟೆ. ಸಮೀಪದಲ್ಲಿಯೇ ಇರುವ ನವ್ ಶಾಪೆಲ್ ಎಂಬಲ್ಲಿಯ ಭಾರತೀಯ ಯೋಧರ ಸ್ಮಾರಕವನ್ನು ನೋಡುವ ಬಯಕೆ ನನಗೂ ಇದ್ದಿತು.

ಹೊರಡುವ ಮುನ್ನ ಮಾಸ್ತರರು ಒಂದು ವಾರ ನನಗೆ ಪಾಠ ಹೇಳಿದರು. ಕಾರಿನ ಹಿಂದೆ ದೇಶದ ಗುರುತಿನ ಚೀಟಿ ಇರಬೇಕು. ಮೊದಲು ‘ಜಿಬಿ’ ಎಂದಿದ್ದುದು 2021ರ ಸೆಪ್ಟೆಂಬರಿನಿಂದ ‘ಯುಕೆ’ ಆಗಿದೆ. ಕಾರು ಕೆಟ್ಟು ನಿಂತರೆ ರಸ್ತೆಯಲ್ಲಿಡುವ ಕೆಂಪು ತ್ರಿಕೋನವೂ, ದೂರದಿಂದ ಹೊಳೆದು ಕಾಣುವ ಅಂಗಿಯೂ ಫ್ರಾನ್ಸಿನಲ್ಲಿ ಕಡ್ಡಾಯ. ಇವೆಲ್ಲಕ್ಕಿಂತ ನನ್ನನ್ನು ಯೋಚನೆಗೆ ಹಚ್ಚಿದ್ದು ಹೆಡ್‌ಲೈಟಿನ ವಿಷಯ. ಎಡಬದಿಯಲ್ಲಿ ನಡೆಸಲೆಂದು ಮಾಡಿದ ಕಾರಿನ ದೀಪ ತುಸು ಎಡಕ್ಕೆ ವಾಲಿ ರಸ್ತೆಯ ಅಂಚನ್ನು ಬೆಳಗುತ್ತದೆ. ಅದೇ ದೀಪ ಬಲಬದಿಯಲ್ಲಿ ನಡೆಸುವ ನಾಡಿಗೆ ಹೋದರೆ ಎದುರಿನಿಂದ ಬರುವವನ ಕಣ್ಣಿಗೆ ನೇರವಾಗಿ ಹೊಡೆಯುತ್ತದೆ. ಆದ್ದರಿಂದ ದೀಪದ ಗಾಜಿನ ಮೇಲೆ ಒಂದು ಪಟ್ಟಿಯನ್ನು ಅಂಟಿಸಿ ಬೆಳಕನ್ನು ತಿರುಗಿಸಬೇಕು. ನಮ್ಮ ಊರಿನಲ್ಲಿ ದಾರಿ ತೋರಿಸುವ ಬೆಳಕು ಪರರ ಊರಿನಲ್ಲಿ ಕಣ್ಣು ಕುಕ್ಕುವ ಬೆಳಕಾಗುತ್ತದೆಂಬುದು ಅಂದು ನನಗೆ ಬರಿಯ ಯಂತ್ರದ ಸಂಗತಿಯಾಗಿ ತೋರಿತ್ತು. ಪಟ್ಟಿಯನ್ನು ಅಂಟಿಸಿ ಕೈ ತೊಳೆದುಕೊಂಡೆ.

ಈ ಎಡ-ಬಲದ ಭೇದ ಹೇಗೆ ಬಂದಿತೆಂಬುದೂ ಸ್ವಾರಸ್ಯದ ಕಥೆ. ಬ್ರಿಟನ್ನಿನಲ್ಲಿ 1835ರ ಹೆದ್ದಾರಿ ಕಾಯಿದೆ ಎಡಬದಿಯ ಸಂಚಾರವನ್ನು ಕಟ್ಟಳೆಯಾಗಿ ಮಾಡಿತು. ಪ್ಯಾರಿಸ್ಸಿನಲ್ಲಿ ಬಲಬದಿಯ ನಿಯಮ ಅದಕ್ಕೂ ಮೊದಲೇ, 1794ರಲ್ಲಿ, ಬಂದಿದ್ದಿತು. ನೆಪೋಲಿಯನ್ನನ ದಂಡು ಹೋದಲ್ಲೆಲ್ಲ ಬಲಬದಿಯ ರೂಢಿ ಹಬ್ಬಿತೆಂದು ಜನ ಹೇಳುತ್ತಾರೆ. ಎಡಬದಿಯಲ್ಲಿ ನಡೆಯುತ್ತಿದ್ದ ಸ್ವೀಡನ್ ದೇಶವು 1967ರ ಸೆಪ್ಟೆಂಬರ್ 3ರಂದು ಬೆಳಗಿನ ಐದು ಗಂಟೆಗೆ ಇಡೀ ನಾಡಿನ ವಾಹನಗಳನ್ನು ಬಲಕ್ಕೆ ತಿರುಗಿಸಿತು. ಈಗ ಯೂರೋಪಿನಲ್ಲಿ ಎಡಬದಿಯನ್ನು ಹಿಡಿದಿರುವ ದೇಶಗಳೆಂದರೆ ಬ್ರಿಟನ್, ಐರ್ಲೆಂಡ್, ಮಾಲ್ಟಾ ಮತ್ತು ಸೈಪ್ರಸ್ ಮಾತ್ರ, ನಾಲ್ಕೂ ದ್ವೀಪಗಳು. ಭಾರತಕ್ಕೆ ಈ ಎಡಬದಿ ಬಂದುದು ಬ್ರಿಟಿಷರ ಆಳ್ವಿಕೆಯಿಂದಲೇ. ವಿದ್ಯಾರ್ಥಿನಿಲಯದ ದಿನಗಳಲ್ಲಿ ಧಾರವಾಡದ ರಸ್ತೆಯಲ್ಲಿ ತಾಸಿನ ಲೆಕ್ಕದ ಬಾಡಿಗೆ ಸೈಕಲ್ ಏರಿ ‘ಎಡಕ್ಕೆ, ಎಡಕ್ಕೆ’ ಎಂದು ಗೆಳೆಯರಿಂದ ಕೂಗಿಸಿಕೊಂಡವನು ನಾನು. ಆ ಎಡ ನನ್ನ ಮೈಯಲ್ಲಿ ಎಷ್ಟು ಆಳವಾಗಿ ಇಳಿದಿತ್ತೆಂಬುದು ಮುಂದೆ ತಿಳಿಯಲಿದ್ದಿತು.

ಇಂಗ್ಲೆಂಡಿನ ಫೋಕ್‌ಸ್ಟನ್ ಊರಿನಲ್ಲಿ ಕಾರನ್ನು ರೈಲಿನ ಡಬ್ಬಿಯೊಳಕ್ಕೆ ನಡೆಸಿಕೊಂಡು ಹೋಗಿ ನಿಲ್ಲಿಸಿದರೆ ಮುಗಿಯಿತು. 1994ರ ಮೇ 6ರಂದು ಉದ್ಘಾಟನೆಯಾದ ಈ ಸುರಂಗದ ಉದ್ದ ಸುಮಾರು 50 ಕಿಲೋಮೀಟರು. ಅದರಲ್ಲಿ 38 ಕಿಲೋಮೀಟರು ಕಡಲ ತಳದ ಕೆಳಗೆ. ಮೂವತ್ತೈದು ನಿಮಿಷದಲ್ಲಿ ಫ್ರಾನ್ಸಿನ ಕ್ಯಾಲೆಯ ಬಳಿ ಹೊರಬಂದೆವು. ಹಡಗಿನಲ್ಲಿ ಹೋದವನಿಗೆ ಅಲೆಗಳನ್ನು ನೋಡುತ್ತ ನೋಡುತ್ತ ಮನಸ್ಸನ್ನು ಸಿದ್ಧಪಡಿಸಿಕೊಳ್ಳಲು ಒಂದೂವರೆ ತಾಸಿನ ಬಿಡುವಿರುತ್ತದೆ. ಸುರಂಗದಲ್ಲಿ ಹೋದವನ ದೇಹ ಮಾತ್ರ ದೇಶಾಂತರ ಹೋಗಿರುತ್ತದೆ. ಅಭ್ಯಾಸ ಹಿಂದೆಯೇ ಉಳಿದಿರುತ್ತದೆ.

ಮೊದಲ ದಿನ ಎಲ್ಲವೂ ಸರಾಗವಾಗಿಯೇ ಸಾಗಿತು. ನಾವು ಹಿಡಿದ ಎ-26 ಹೆದ್ದಾರಿಗೆ ಫ್ರೆಂಚರು ‘ಇಂಗ್ಲಿಷರ ಹೆದ್ದಾರಿ’ ಎಂದೇ ಹೆಸರಿಟ್ಟಿದ್ದಾರೆ. ಸುಂಕದ ಕಟ್ಟೆಯಲ್ಲಿ ಚೀಟಿ ಕೊಡುವ ಯಂತ್ರ ಎಡಗಡೆ ಇರುತ್ತದೆ. ನಮ್ಮ ಕಾರಿನ ಸ್ಟೀರಿಂಗು ಬಲಗಡೆ. ಎಡಗಡೆ ಕುಳಿತ ಮಾಸ್ತರರೇ ಕಿಟಕಿಯಿಂದ ಅರ್ಧ ಮೈ ಹೊರಚಾಚಿ ಚೀಟಿಯನ್ನು ಎಳೆದುಕೊಳ್ಳಬೇಕಾಯಿತು. ಹೆದ್ದಾರಿಯನ್ನು ಬಿಟ್ಟ ಮೇಲೆ ಮುಂದಿನ ಲಾರಿಯನ್ನು ದಾಟಬೇಕಾದರೆ ಎದುರು ಯಾರಾದರೂ ಬರುತ್ತಿರುವರೇ ಎಂಬುದು ನನಗೆ ಕಾಣುವುದೇ ಇಲ್ಲ. ಪಕ್ಕದಲ್ಲಿ ಕುಳಿತವರು ನೋಡಿ ಹೇಳಬೇಕು. ಚಾಲಕ ನಾನಾದರೂ ಕಣ್ಣು ಅವರದು, ಅದೂ ಮಂಜಾದ ಕಣ್ಣು. ಲಾರಿಯ ಹಿಂದೆಯೇ ಸಾವಕಾಶವಾಗಿ ಹೋಗುವುದೆಂದು ಇಬ್ಬರೂ ನಿರ್ಧರಿಸಿದೆವು.

ಆದರೆ ಮನಸ್ಸು ಮಾತ್ರ ಲೆಕ್ಕ ಬರೆಯುತ್ತಲೇ ಇದ್ದಿತು. ಒಂದು ಹಳ್ಳಿಯಲ್ಲಿ ಬಲಗಡೆಯ ಸಂದಿಯಿಂದ ಒಂದು ಮುದಿ ಕಾರು ನನ್ನತ್ತ ನೋಡದೆಯೇ ಮುಖ್ಯ ರಸ್ತೆಗೆ ನುಗ್ಗಿತು. ಬ್ರೇಕು ಒತ್ತಿ ಬಯ್ದೆ. ‘ಬಯ್ಯಬೇಡಿ, ತಪ್ಪು ನಮ್ಮದು’ ಎಂದರು ಮಾಸ್ತರರು. ಫ್ರಾನ್ಸಿನಲ್ಲಿ ಬೇರೆ ಸೂಚನೆ ಇಲ್ಲದ ಕಡೆ ಬಲದಿಂದ ಬರುವವನಿಗೇ ಮೊದಲ ಹಕ್ಕು. ರಸ್ತೆ ಚಿಕ್ಕದೇ ದೊಡ್ಡದೇ ಎಂಬ ಭೇದವಿಲ್ಲ. ಹಳದಿ ಬಣ್ಣದ ವಜ್ರಾಕಾರದ ಫಲಕವಿದ್ದರೆ ಮಾತ್ರ ನೇರ ಹೋಗುವವನು ಮೊದಲಿಗ. ನಿಯಮವನ್ನು ಒಪ್ಪಿಕೊಂಡೆ, ಆದರೆ ಆ ಮುದುಕ ಒರಟನೆಂಬ ಭಾವನೆ ಹೋಗಲಿಲ್ಲ. ಮುಂದೆ ಒಂದು ಇಕ್ಕಟ್ಟಾದ ಸೇತುವೆಯ ಬಳಿ ಎದುರಿನ ವ್ಯಾನಿನವನು ಹೆಡ್‌ಲೈಟನ್ನು ಎರಡು ಸಲ ಮಿನುಗಿಸಿದನು. ಇಂಗ್ಲೆಂಡಿನಲ್ಲಿ ಹಾಗೆ ಮಿನುಗಿಸಿದರೆ ‘ನೀವು ಮೊದಲು ಬನ್ನಿ’ ಎಂದು ಅರ್ಥ. ಕೈಯೆತ್ತಿ ವಂದಿಸಿ ಮುಂದುವರಿದೆ. ಅವನು ನಿಲ್ಲಲೇ ಇಲ್ಲ! ಕೂದಲೆಳೆಯ ಅಂತರದಲ್ಲಿ ನಾನೇ ನಿಂತೆ. ಅವನು ಕಿಟಕಿಯಿಂದ ಕೈಬೀಸಿ ಏನನ್ನೋ ಕೂಗುತ್ತ ಹೋದನು. ‘ಕರೆದು ಮುಖಕ್ಕೆ ಹೊಡೆದ ಹಾಗಾಯಿತು’ ಎಂದಳು ಹಿಂದೆ ಕುಳಿತ ನನ್ನ ಪತ್ನಿ. ಮಾಸ್ತರರೂ ತಲೆಯಾಡಿಸಿದರು. ನಲವತ್ತು ವರ್ಷಗಳಲ್ಲಿ ತಾವು ಕಂಡ ಇಂಥ ಒರಟುತನಗಳನ್ನು ಆ ರಾತ್ರಿ ಊಟದ ಹೊತ್ತಿನಲ್ಲಿ ಒಂದೊಂದಾಗಿ ನೆನೆದರು. ಕಚೇರಿಯ ಚಹದ ಮಾತುಗಳಿಗೆಲ್ಲ ಸಾಕ್ಷಿ ಸಿಕ್ಕಿತೆಂದು ನಾನು ಸಮಾಧಾನ ಪಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಬೇಗನೆ ಎದ್ದು ಹೊರಟೆವು. ಊರ ಹೊರಗಿನ ಪಂಪಿನಲ್ಲಿ ಪೆಟ್ರೋಲು ತುಂಬಿಸಿ ರಸ್ತೆಗೆ ಬಂದೆ. ಸುತ್ತಲೂ ಹಸಿರು ಹೊಲ, ತೆಳುವಾದ ಮಂಜು. ರಸ್ತೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಮಾಸ್ತರರು ಮಡಿಲಲ್ಲಿ ತಾತನ ಹಳೆಯ ಭಾವಚಿತ್ರವನ್ನು ಇಟ್ಟುಕೊಂಡು ನಕಾಶೆಯನ್ನು ನೋಡುತ್ತಿದ್ದರು. ಅರ್ಧ ಕಿಲೋಮೀಟರು ಹೋಗಿರಬಹುದು. ದೂರದ ತಿರುವಿನಿಂದ ಒಂದು ಟ್ರ್ಯಾಕ್ಟರು ಬರುವುದು ಕಂಡಿತು. ಅದರ ದೀಪ ಮಿನುಗಿತು. ‘ಇವನೊಬ್ಬ ಸೌಜನ್ಯವಂತ’ ಎಂದುಕೊಂಡು ಕೈಯೆತ್ತಿದೆ. ದೀಪ ಮತ್ತೆ ಮಿನುಗಿತು. ಆಗ ನನ್ನ ಮನಸ್ಸಿನಲ್ಲಿ ಮೂಡಿದ ಆಲೋಚನೆಯನ್ನು ಇಂದಿಗೂ ಮರೆಯಲಾರೆ: ‘ಅಯ್ಯೋ, ಈ ರೈತ ತಪ್ಪು ಬದಿಯಲ್ಲಿ ಬರುತ್ತಿದ್ದಾನಲ್ಲ!’

‘ರೀ, ಬಲಕ್ಕೆ! ಬಲಕ್ಕೆ!’ ಎಂದು ಹಿಂದಿನಿಂದ ಪತ್ನಿ ಚೀರಿದಳು. ಬಲಕ್ಕೆ ಹೊರಳಿಸಬೇಕಾದ ಕೈಗಳು ಎಡಕ್ಕೆ ಎಳೆದವು. ಧಾರವಾಡದ ಸೈಕಲ್ಲಿನಿಂದ ಬಂದ ಐವತ್ತು ವರ್ಷಗಳ ಅಭ್ಯಾಸ ಹಾಗೆಯೇ ಮಾಡಿಸಿತು. ಬ್ರೇಕಿನ ಮೇಲೆ ನಿಂತುಬಿಟ್ಟೆ. ಕಾರು ಜಾರುತ್ತ ಹೋಗಿ ಎಡಗಡೆಯ ಎರಡು ಗಾಲಿಗಳನ್ನು ಹುಲ್ಲಿನ ಚರಂಡಿಗೆ ಇಳಿಸಿ, ಟ್ರ್ಯಾಕ್ಟರಿನಿಂದ ಮೂರು ಮಾರು ದೂರದಲ್ಲಿ ನಿಂತಿತು. ರೈತ ಅದಾಗಲೇ ಟ್ರ್ಯಾಕ್ಟರನ್ನು ನಿಲ್ಲಿಸಿದ್ದನು. ಅವನ ಸ್ಥಳದಲ್ಲಿ ವೇಗವಾಗಿ ಬರುವ ಕಾರೊಂದು ಇದ್ದಿದ್ದರೆ ಈ ಲೇಖನವನ್ನು ಬರೆಯಲು ನಾನು ಇರುತ್ತಿರಲಿಲ್ಲ. ಅದಕ್ಕಿಂತ ಮಿಗಿಲಾಗಿ, ನನ್ನನ್ನು ನಂಬಿ ಬಂದ ಇಬ್ಬರು ಇರುತ್ತಿರಲಿಲ್ಲ. ತನ್ನ ದಾರಿಯಲ್ಲಿ ತಾನು ಸರಿಯಾಗಿ ಬರುತ್ತಿದ್ದ ಯಾರೋ ಒಬ್ಬನೂ ಇರುತ್ತಿರಲಿಲ್ಲ. ‘ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ’ ಎಂಬ ನಮ್ಮ ಗಾದೆಯನ್ನು ಎಷ್ಟೋ ಸಲ ಇತರರಿಗೆ ಅನ್ವಯಿಸಿದ್ದೆ. ಆ ಪೋರ ನಾನೇ ಎಂಬುದು ಕಾರು ನಿಂತ ಮೇಲೆ ತಿಳಿಯಿತು.

ರೈತ ಕೆಳಗಿಳಿದು ಬಂದನು. ಅರವತ್ತರ ಆಸುಪಾಸಿನ ವಯಸ್ಸು, ಮಣ್ಣು ಹತ್ತಿದ ಬೂಟು. ಬಯ್ಯುವನೆಂದು, ಬಯ್ಯಲೇಬೇಕೆಂದು ತಲೆತಗ್ಗಿಸಿ ಕುಳಿತೆ. ಅವನು ಕಾರಿನ ಹಿಂದಿನ ಚೀಟಿಯನ್ನು ನೋಡಿದನು. ಮಾಸ್ತರರ ಬಿಳಿಯ ಕೂದಲನ್ನೂ, ಕೆಳಗೆ ಬಿದ್ದಿದ್ದ ಭಾವಚಿತ್ರವನ್ನೂ ನೋಡಿದನು. ನಡುಗುತ್ತಿದ್ದ ನನ್ನ ಪತ್ನಿಯನ್ನು ನೋಡಿದನು. ಆಮೇಲೆ ಬಲಗೈಯನ್ನೆತ್ತಿ ಮಗುವಿಗೆ ತೋರಿಸುವಂತೆ ಮೆಲ್ಲಗೆ ರಸ್ತೆಯ ಬಲಬದಿಯನ್ನು ತೋರಿಸಿದನು. ಅಷ್ಟೇ. ಟ್ರ್ಯಾಕ್ಟರಿನಿಂದ ಸರಪಳಿ ತಂದು ಕಾರನ್ನು ಚರಂಡಿಯಿಂದ ಎಳೆದನು. ಹತ್ತಿರದಲ್ಲಿಯೇ ಇದ್ದ ತನ್ನ ಮನೆಯಂಗಳಕ್ಕೆ ಕರೆದೊಯ್ದು ಕುಳ್ಳಿರಿಸಿದನು. ಅವನ ಹೆಂಡತಿ ನೀರು ಕೊಟ್ಟಳು, ಕಾಫಿ ಕೊಟ್ಟಳು.

ಮಾಸ್ತರರಿಗೆ ಶಾಲೆಯಲ್ಲಿ ಕಲಿತ ಫ್ರೆಂಚ್ ಅಷ್ಟಿಷ್ಟು ಬರುತ್ತಿದ್ದುದರಿಂದ ಮಾತು ನಡೆಯಿತು. ‘ದೂರದಿಂದಲೇ ದೀಪ ಮಿನುಗಿಸಿದೆನಲ್ಲ, ಏಕೆ ನಿಲ್ಲಲಿಲ್ಲ?’ ಎಂದು ರೈತ ಕೇಳಿದನು. ನಾವು ನಮ್ಮ ಅರ್ಥವನ್ನು ಹೇಳಿದೆವು. ಅವನು ಬೆರಗಾಗಿ ನಕ್ಕನು. ಅವರಲ್ಲಿ ದೀಪ ಮಿನುಗಿಸುವುದೆಂದರೆ ‘ಎಚ್ಚರ, ನಾನು ಬರುತ್ತಿದ್ದೇನೆ, ನಿಲ್ಲು’ ಎಂದು ಅರ್ಥ. ಅಂದರೆ, ಹಿಂದಿನ ದಿನ ಸೇತುವೆಯ ಬಳಿಯ ವ್ಯಾನಿನವನು ಕರೆದು ಹೊಡೆದಿರಲಿಲ್ಲ, ಮುಂಚಿತವಾಗಿಯೇ ಎಚ್ಚರಿಸಿದ್ದನು. ಅವನ ದೃಷ್ಟಿಯಲ್ಲಿ ಎಚ್ಚರಿಕೆಯನ್ನು ಕಂಡೂ ಕೈಬೀಸುತ್ತ ನುಗ್ಗಿದ ಒರಟ ನಾನು! ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕದಲ್ಲಿಯೂ ದೀಪ ಮಿನುಗಿಸುವುದು ‘ನಾನಿದ್ದೇನೆ’ ಎಂದು ತಿಳಿಸುವುದಕ್ಕೆ ಮಾತ್ರವೆಂದೇ ಇದೆ. ‘ನೀವು ಬನ್ನಿ’ ಎಂಬುದು ಕೇವಲ ಅಲ್ಲಿಯ ರೂಢಿ. ಇನ್ನೂ ನಾಚಿಕೆಯ ಸಂಗತಿಯೆಂದರೆ, ನಮ್ಮ ಕರ್ನಾಟಕದ ರಸ್ತೆಗಳಲ್ಲಿ ಲಾರಿಯವನು ದೀಪ ಮಿನುಗಿಸಿದರೆ ಆ ಫ್ರೆಂಚ್ ರೈತನ ಅರ್ಥವೇ ಅಲ್ಲವೇ? ನಾನು ಹುಟ್ಟಿ ಬೆಳೆದ ನಾಡಿನ ಸನ್ನೆಯನ್ನೇ ಮರೆತು, ಕಲಿತ ನಾಡಿನ ರೂಢಿಯನ್ನೇ ಲೋಕದ ನಿಯಮವೆಂದು ಭಾವಿಸಿದ್ದೆ.

ಹೊಲದ ಬದುವಿನಲ್ಲಿ ತುಕ್ಕು ಹಿಡಿದ ಕಬ್ಬಿಣದ ಗುಡ್ಡೆಯೊಂದಿತ್ತು. ನೂರು ವರ್ಷ ಕಳೆದರೂ ಉಳುವಾಗಲೆಲ್ಲ ಆ ಯುದ್ಧದ ಗುಂಡುಗಳು ಮೇಲೆ ಬರುತ್ತವೆಯಂತೆ. ಹತ್ತಿರ ಹೋಗಬೇಡಿರೆಂದು ಎಚ್ಚರಿಸಿದನು. ಮಾಸ್ತರರು ತಮ್ಮ ತಾತನ ಚಿತ್ರವನ್ನು ಅವನ ಕೈಗೆ ಕೊಟ್ಟರು. ಅವನು ಬಹಳ ಹೊತ್ತು ನೋಡಿ ಹೇಳಿದ ಮಾತನ್ನು ಮಾಸ್ತರರು ನಮಗೆ ಇಂಗ್ಲಿಷಿನಲ್ಲಿ ತಿಳಿಸಬೇಕಾದರೆ ಎರಡು ಸಲ ತಡವರಿಸಿದರು: ‘ನನ್ನ ತಾತನ ಕಾಲದಿಂದಲೂ ನೀವು ಎಡಗಡೆಯವರು ಇಲ್ಲಿಗೆ ಬರುತ್ತಿದ್ದೀರಿ. ಬಂದವರೆಲ್ಲರೂ ಹಿಂದಿರುಗಿ ಹೋಗಲಿಲ್ಲ. ನೀವು ಮನೆಗೆ ಹಿಂದಿರುಗಬೇಕು.’

ಕಾರಿನ ಖರ್ಚಿಗೆಂದು ಚಾಚಿದ ಹಣವನ್ನು ಅವನು ಮುಟ್ಟಲಿಲ್ಲ. ಬದಲಿಗೆ ಒಂದು ಸುಲಭವಾದ ಗುರುತನ್ನು ಕಲಿಸಿದನು: ನಿನ್ನ ಸ್ಟೀರಿಂಗು ರಸ್ತೆಯ ಅಂಚಿನ ಹುಲ್ಲಿನ ಪಕ್ಕದಲ್ಲಿರಲಿ, ನಡುಗೆರೆಯ ಪಕ್ಕದಲ್ಲಿ ಬೇಡ. ನಿನ್ನ ದೇಶದಲ್ಲಿ ಇದಕ್ಕೆ ತಿರುಗು ಮುರುಗು. ಆಮೇಲೆ ಟ್ರ್ಯಾಕ್ಟರನ್ನು ಮುಂದೆ ನಡೆಸಿಕೊಂಡು, ಸಮಾಧಿಸ್ಥಳದ ಬಾಗಿಲವರೆಗೆ ನಮಗೆ ದಾರಿ ತೋರಿಸಿದನು. ಆ ಎರಡು ಕಿಲೋಮೀಟರು ದಾರಿಯಲ್ಲಿ ನಮ್ಮ ಹಿಂದೆ ನಾಲ್ಕೈದು ಕಾರುಗಳು ಕೂಡಿದವು. ಯಾರೂ ಹಾರನ್ ಬಾರಿಸಲಿಲ್ಲ.

ಮಾಸ್ತರರು ತಾತನ ಕಲ್ಲಿನ ಮುಂದೆ ಒಬ್ಬರೇ ನಿಂತುಕೊಂಡರು. ನಾವು ದೂರದಲ್ಲಿ ಕಾದೆವು. ಹಿಂದಿರುಗಿ ಬಂದವರು ತಾತನ ವಿಷಯ ಏನೂ ಹೇಳಲಿಲ್ಲ. ‘ನಿನ್ನೆ ರಾತ್ರಿ ಊಟದ ಹೊತ್ತಿನಲ್ಲಿ ಆಡಬಾರದ ಮಾತನ್ನಾಡಿದೆ’ ಎಂದಷ್ಟೇ ಹೇಳಿ ಕಾರಿನಲ್ಲಿ ಕುಳಿತರು.

ಎಲ್ಲ ಫ್ರೆಂಚರೂ ಆ ರೈತನಂತೆ ಎಂದು ನಾನು ಹೇಳಲಾರೆ. ಅದೇ ದಿನ ಮಧ್ಯಾಹ್ನ ಒಂದು ಪೇಟೆಯಲ್ಲಿ ನಾನು ತಿರುವಿನಲ್ಲಿ ಹಿಂಜರಿದು ನಿಂತಾಗ ಒಬ್ಬ ತರುಣ ನಮ್ಮ ಕಾರಿನ ಮೇಲ್ಛಾವಣಿಗೆ ಗುದ್ದಿ, ‘ಇಂಗ್ಲಿಷ್, ನಿನ್ನ ಮನೆಗೆ ಹೋಗು’ ಎಂದು ಕೂಗಿ ಹೋದನು. ನೋವಾಯಿತು, ಜೊತೆಗೆ ನಗುವೂ ಬಂದಿತು. ಮೂವತ್ತು ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಯಾರೂ ನನ್ನನ್ನು ಇಂಗ್ಲಿಷಿನವನೆಂದು ಕರೆದಿರಲಿಲ್ಲ. ಆ ಗೌರವ ಫ್ರಾನ್ಸಿನಲ್ಲಿ, ಬಯ್ಗುಳದ ರೂಪದಲ್ಲಿ ಲಭಿಸಿತು. ಅವನು ಕಂಡದ್ದು ನನ್ನನ್ನಲ್ಲ, ಕಾರಿನ ಹಿಂದಿನ ಚೀಟಿಯನ್ನು. ನಾನು ಹಿಂದಿನ ದಿನವೆಲ್ಲ ಮಾಡಿದ್ದೂ ಅದನ್ನೇ.

ಹಿಂದಿರುಗುವ ದಾರಿಯಲ್ಲಿ ಬೇತೂನ್ ಪಟ್ಟಣದ ಕಡೆಗೆ ಹೊರಳಿ ನವ್ ಶಾಪೆಲ್ಲಿಗೆ ಹೋದೆವು. 1915ರ ಮಾರ್ಚಿನಲ್ಲಿ ಅಲ್ಲಿ ನಡೆದ ಕಾಳಗದಲ್ಲಿ ಭಾರತೀಯ ಪಡೆಗಳು ಮುಂಚೂಣಿಯಲ್ಲಿ ಹೋರಾಡಿದವು. 1927ರಲ್ಲಿ ಅನಾವರಣಗೊಂಡ ವರ್ತುಲಾಕಾರದ ಆ ಸ್ಮಾರಕದಲ್ಲಿ, ಸಮಾಧಿಯ ಕುರುಹೂ ಸಿಗದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಕೆತ್ತಲಾಗಿದೆ. ಮುಂಭಾಗದಲ್ಲಿ ಎರಡು ಹುಲಿಗಳ ಕಾವಲಿನಲ್ಲಿ ಎತ್ತರದ ಕಂಬ. ಈ ಬಾರಿ ಮಾಸ್ತರರು ದೂರದಲ್ಲಿ ನಿಂತು ನಮ್ಮನ್ನು ಕಾದರು. ಅಲ್ಲಿಂದ ಹೊರಡುವಾಗ ರಸ್ತೆಗೆ ಇಳಿಯುವ ಮೊದಲು ಮೂವರೂ ಒಟ್ಟಿಗೆ ಗಟ್ಟಿಯಾಗಿ ‘ಬಲಕ್ಕೆ’ ಎಂದು ಹೇಳಿದೆವು. ಮಾಸ್ತರರು ಆ ಪದವನ್ನು ಕನ್ನಡದಲ್ಲಿಯೇ ಹೇಳಿದರು. ಚರಂಡಿಗೆ ಬಿದ್ದ ದಿನ ಅವರು ಕಲಿತ ಏಕೈಕ ಕನ್ನಡ ಪದ ಅದು.

ಸುರಂಗದಿಂದ ಹೊರಬಂದಾಗ ಇಂಗ್ಲೆಂಡಿನಲ್ಲಿ ಸಂಜೆಯ ಮಳೆ ಸುರಿಯುತ್ತಿತ್ತು. ‘ಎಡಬದಿಯಲ್ಲಿ ಚಲಿಸಿರಿ’ ಎಂಬ ಫಲಕವನ್ನು ದಾಟಿ ಮೊದಲನೆಯ ವೃತ್ತಕ್ಕೆ ಬಂದೆವು. ನಮ್ಮ ಮುಂದೆ ಫ್ರಾನ್ಸಿನ ಕಾರೊಂದು ನಿಂತಿದ್ದಿತು. ಎಡಕ್ಕೆ ಹೋಗಬೇಕೋ ಬಲಕ್ಕೆ ಹೋಗಬೇಕೋ ತಿಳಿಯದೆ ಅದರ ಚಾಲಕ ತಲೆಯನ್ನು ಎರಡೂ ಕಡೆ ತಿರುಗಿಸುತ್ತಿದ್ದನು. ನನ್ನ ಹಿಂದಿನವನು ಹಾರನ್ ಬಾರಿಸಿದನು. ದೀಪ ಮಿನುಗಿಸಿ ‘ಹೋಗಪ್ಪ’ ಎನ್ನಲು ನನ್ನ ಕೈ ತಾನಾಗಿಯೇ ಮುಂದಾಯಿತು, ನೆನಪಾಗಿ ಹಿಂತೆಗೆದುಕೊಂಡೆ. ಅವನಿಗೆ ಅದರ ಅರ್ಥ ಬೇರೆ. ಸುಮ್ಮನೆ ನಿಂತು, ಅವನು ದಾರಿ ಕಂಡುಕೊಳ್ಳುವವರೆಗೆ ಕಾದೆ.